ಕಾನೂನು ಓದಲು ಹೋದವನು ದುಭಾಷಿಯಾದ, ಆಮೇಲೆ ಚಿತ್ರಕಾರನಾದ (ಪ್ಯಾರಿಸ್, 1884–87)

ಮೊದಲ ಫೋಟೋ ನೋಡಿ. ಕಿಟಕಿಯ ಮರದ ಪಟ್ಟಿಗಳ ಸಂದಿಯಿಂದ ಬಿಸಿಲು ಒಳಗೆ ಬರ್ತಿದೆ. ಕೆಂಪು ರವಿಕೆ ತೊಟ್ಟ ಹೆಂಗಸೊಬ್ಬಳು ಪುಸ್ತಕದಲ್ಲಿ ಮುಳುಗಿದ್ದಾಳೆ. ಬಿಡಿಸಿದ್ದು ಯಾರು ಅಂತ ಕೇಳಿದ್ರೆ ಯಾರೋ ಫ್ರೆಂಚ್ ಕಲಾವಿದ ಅಂತಾನೇ ಹೆಚ್ಚಿನವರು ಹೇಳ್ತಾರೆ. ಅಲ್ಲ, ಅವನು ಜಪಾನಿನ ಕಾಗೊಷಿಮಾದವನು. ಹೆಸರು ಕುರೊಡಾ ಸೇಕಿ. ಚಿತ್ರದ ಹೆಸರು 'ಓದು'. 1891ರಲ್ಲಿ ಪ್ಯಾರಿಸ್‌ನ ಸಲೋನ್ ಪ್ರದರ್ಶನದಲ್ಲಿ ಇದನ್ನ ತೂಗುಹಾಕಿದ್ರು. ಅದಕ್ಕೆ ಏಳು ವರ್ಷ ಮುಂಚೆ ಹುಡುಗ ಆ ಊರಿಗೆ ಬಂದಿಳಿದಾಗ ಚಿತ್ರ ಕಲಿಯೋ ಮಾತೇ ಇರಲಿಲ್ಲ. ಮನೆಯವರು ಕಳಿಸಿದ್ದು ಕಾನೂನು ಓದೋಕೆ.

ಕಾನೂನು ಸರಿ, ಅದಕ್ಕೆ ಫ್ರಾನ್ಸ್ ಯಾಕೆ? 1868ರ ನಂತರ ಬಂದ ಮೇಜಿ ಸರ್ಕಾರಕ್ಕೆ ಒಂದು ದೊಡ್ಡ ತಲೆನೋವಿತ್ತು. ಪಾಶ್ಚಾತ್ಯ ದೇಶಗಳು ಜಪಾನಿನ ಜೊತೆ ಮಾಡಿಕೊಂಡಿದ್ದ ಒಪ್ಪಂದಗಳು ಏಕಪಕ್ಷೀಯವಾಗಿದ್ವು. ಅಲ್ಲಿ ತಪ್ಪು ಮಾಡಿದ ವಿದೇಶಿಯರನ್ನು ಜಪಾನಿನ ನ್ಯಾಯಾಲಯ ವಿಚಾರಿಸೋ ಹಾಗಿರಲಿಲ್ಲ. 'ನಮ್ಮ ಕಾನೂನೂ ನಿಮ್ಮದರ ಹಾಗೇ ಇದೆ' ಅಂತ ತೋರಿಸದೆ ಆ ಒಪ್ಪಂದ ಬದಲಾಗ್ತಿರಲಿಲ್ಲ. ಹಾಗಾಗಿ 1873ರಲ್ಲಿ ಗುಸ್ತಾವ್ ಬುವಾಸೊನಾಡ್ ಅನ್ನೋ ಫ್ರೆಂಚ್ ಕಾನೂನು ಪಂಡಿತರನ್ನ ಟೋಕಿಯೊಗೆ ಕರೆಸಿದ್ರು. ಅವರ ಕರಡಿನ ಮೇಲೆ ನಿಂತ ದಂಡಸಂಹಿತೆ 1882ರಲ್ಲಿ ಜಾರಿಗೆ ಬಂತು. ಅಂದ್ರೆ ಫ್ರೆಂಚ್ ಬಂದ್ರೆ ಸರ್ಕಾರದಲ್ಲಿ ಮೇಲಿನ ಕುರ್ಚಿ ಖಾತ್ರಿ. ಮೊದಲು ಇಂಗ್ಲಿಷ್ ಕಲೀತಿದ್ದ ಕುರೊಡಾ ಈ ಲೆಕ್ಕಾಚಾರದಲ್ಲೇ ಫ್ರೆಂಚ್‌ಗೆ ಬದಲಾದ. (ನಮ್ಮ ಮನೆಗಳಲ್ಲಿ ಪಿಯುಸಿ ಆದ ಕೂಡಲೇ 'ಯಾವ ಬ್ರಾಂಚ್‌ಗೆ ಸ್ಕೋಪ್ ಇದೆ' ಅಂತ ಕೇಳ್ತಾರಲ್ಲ, ಅದೇ.)

ಹುಡುಗನ ಮೇಲೆ ಇನ್ನೊಂದು ಭಾರವೂ ಇತ್ತು. ಅವನು ದತ್ತು ಹೋದ ಮಗ. ಸಾಕಿದ್ದು ದೊಡ್ಡಪ್ಪ ಕುರೊಡಾ ಕಿಯೊತ್ಸುನಾ, ಸಮುರಾಯ್ ಮನೆತನದಿಂದ ಬಂದು ಹೊಸ ಸರ್ಕಾರದಲ್ಲಿ ದೊಡ್ಡ ಹುದ್ದೆಗೇರಿದವರು. ಆ ಮನೆಯ ಹೆಸರು ಮುಂದುವರಿಸೋ ಜವಾಬ್ದಾರಿ ಇವನದು.

1884ರ ಫೆಬ್ರವರಿಯಲ್ಲಿ ಹಡಗು ಹತ್ತಿದ. ಪ್ಯಾರಿಸ್‌ನ ಜಪಾನ್ ರಾಯಭಾರ ಕಚೇರಿಗೆ ನೇಮಕವಾಗಿದ್ದ ಭಾವ ಜೊತೆಗಿದ್ರು. ಮಾರ್ಚ್‌ನಲ್ಲಿ ತಲುಪಿದಾಗ ವಯಸ್ಸು 17. ಆಮೇಲೆ ಸುಮಾರು ಎರಡು ವರ್ಷ ಭಾಷೆ ಕಲಿಕೆಯೇ ಮುಖ್ಯ ಕೆಲಸ. ಕಾನೂನು ಕಾಲೇಜಿನ ಬಾಗಿಲು ತಟ್ಟೋಕೂ ಮೊದಲು ಫ್ರೆಂಚ್ ಗಟ್ಟಿಯಾಗಬೇಕಿತ್ತು. ಈ ಎರಡು ವರ್ಷವನ್ನ ಕಲೆಯ ಇತಿಹಾಸದ ಪುಸ್ತಕಗಳು ಒಂದೇ ಸಾಲಿನಲ್ಲಿ ದಾಟಿಬಿಡ್ತವೆ. ನನಗೇನೋ ಇಡೀ ಕಥೆಯ ಕೀಲಿ ಇಲ್ಲೇ ಇದೆ ಅನ್ಸುತ್ತೆ.

ಯಾಕೆ ಅಂತ ಹೇಳ್ತೀನಿ, ಎರಡನೇ ಫೋಟೋಗೆ ಬನ್ನಿ. 1886ರ ಫೆಬ್ರವರಿ. ಪ್ಯಾರಿಸ್‌ನಲ್ಲಿದ್ದ ಜಪಾನೀಯರೆಲ್ಲ ಒಂದು ಕೂಟದಲ್ಲಿ ಸೇರಿದ್ರು. ಅಲ್ಲಿ ಕುರೊಡಾಗೆ ಮೂವರ ಪರಿಚಯ ಆಯ್ತು. ಒಬ್ಬ ಯಮಾಮೊಟೊ ಹೋಸುಯಿ, 1878ರಿಂದ ಪ್ಯಾರಿಸ್‌ನಲ್ಲೇ ಇದ್ದು ಜೆರೋಮ್ ಹತ್ತಿರ ಕಲಿತ ಚಿತ್ರಕಾರ. ಇನ್ನೊಬ್ಬ ಫುಜಿ ಮಸಾಜೊ, ಅವನೂ ಚಿತ್ರಕಾರ. ಮೂರನೆಯವನು ಹಯಾಶಿ ತದಮಾಸಾ. 1878ರ ವಿಶ್ವ ಪ್ರದರ್ಶನಕ್ಕೆ ದುಭಾಷಿಯಾಗಿ ಬಂದು, ಅಲ್ಲೇ ಉಳಿದು, ಜಪಾನಿನ ಮುದ್ರಣ ಚಿತ್ರಗಳನ್ನ ಯುರೋಪಿನ ಸಂಗ್ರಾಹಕರಿಗೆ ಮಾರೋ ದೊಡ್ಡ ವ್ಯಾಪಾರಿಯಾದವನು. ಮೂವರೂ ಹೇಳಿದ್ದು ಒಂದೇ ಮಾತು: ನೀನು ಕಾನೂನು ಬಿಡು, ಚಿತ್ರ ಕಲಿ, ದೇಶಕ್ಕೆ ಅದೇ ಹೆಚ್ಚು ಉಪಯೋಗ.

ಮಾತು ಕೇಳೋಕೆ ಚೆನ್ನಾಗಿದೆ. ಆದ್ರೆ ಕೂಟದಲ್ಲಿ ಯಾರೋ ಹೇಳಿದ್ರು ಅಂತ ಮನೆಯವರ ದುಡ್ಡಲ್ಲಿ ಓದ್ತಿರೋ ಹುಡುಗ ದಾರಿ ಬದಲಾಯಿಸ್ತಾನಾ? ಅವನನ್ನ ಸ್ಟುಡಿಯೋದೊಳಗೆ ಎಳೆದಿದ್ದು ಬೇರೆ ವಿಷಯ. ಫುಜಿ ಮಸಾಜೊ ರಫಾಯೆಲ್ ಕೊಲಾಂ ಅನ್ನೋ ಫ್ರೆಂಚ್ ಕಲಾವಿದರ ಶಿಷ್ಯನಾಗಿದ್ದ. ಅವನಿಗೆ ಫ್ರೆಂಚ್ ಅಷ್ಟಾಗಿ ಬರ್ತಿರಲಿಲ್ಲ. ಗುರು ಹೇಳಿದ್ದನ್ನ ತಿಳಿಸೋಕೆ ಒಬ್ಬ ದುಭಾಷಿ ಬೇಕಿತ್ತು. ಕಾನೂನಿಗಾಗಿ ಭಾಷೆ ಕಲಿತಿದ್ದ ಕುರೊಡಾ ಆ ಕೆಲಸಕ್ಕೆ ನಿಂತ.

ಇಲ್ಲಿ ಸ್ವಲ್ಪ ನಿಲ್ಲೋಣ. ಗುರು ಬೇರೆಯವನ ಚಿತ್ರದ ಮುಂದೆ ನಿಂತು ಮಾತಾಡ್ತಾರೆ, ನೀನು ಅದನ್ನ ಇನ್ನೊಂದು ಭಾಷೆಗೆ ದಾಟಿಸಬೇಕು. ದಾಟಿಸಬೇಕು ಅಂದ್ರೆ ಮೊದಲು ನಿನಗೆ ಕಾಣಬೇಕು. 'ಈ ನೆರಳು ಭಾರವಾಯ್ತು' ಅಂದ್ರೆ ಯಾವ ನೆರಳು, ಹೇಗೆ ಭಾರ? ಫ್ರೆಂಚ್ ಸ್ಟುಡಿಯೋಗಳಲ್ಲಿ ಬೆಳಕು ನೆರಳಿನ ಹಂತಗಳಿಗೆ 'ವಾಲರ್' ಅಂತಾರೆ. ಅದೇ ಪದಕ್ಕೆ ಅಂಗಡಿಯಲ್ಲಿ ಬೆಲೆ ಅನ್ನೋ ಅರ್ಥ. ಜಪಾನಿ ಭಾಷೆಯಲ್ಲಿ ಇಂಥದ್ದಕ್ಕೆಲ್ಲ ಪದಗಳು ಆಗಿನ್ನೂ ಹುಟ್ತಾ ಇದ್ವು. 'ಲಲಿತಕಲೆ' ಅನ್ನೋಕೆ ಅವರು ಇವತ್ತೂ ಬಳಸೋ 'ಬಿಜುತ್ಸು' ಅನ್ನೋ ಪದಕ್ಕೇ ಆಗ ಸುಮಾರು ಹದಿನಾಲ್ಕು ವರ್ಷ ಅಷ್ಟೇ ಆಗಿತ್ತು. 1873ರ ವಿಯೆನ್ನಾ ಪ್ರದರ್ಶನದ ಜರ್ಮನ್ ಸೂಚನೆಗಳನ್ನ ಅನುವಾದಿಸುವಾಗ ಕಟ್ಟಿದ ಪದ ಅದು. ಹೀಗೆ ತಿಂಗಳುಗಟ್ಟಲೆ ಇನ್ನೊಬ್ಬನ ತಪ್ಪುಗಳನ್ನ ಅನುವಾದ ಮಾಡಿದವನಿಗೆ ತಾನೂ ಇದ್ದಿಲು ಹಿಡಿದು ನೋಡಬೇಕು ಅನ್ನಿಸದೇ ಇರುತ್ತಾ? ಇದು ನನ್ನ ಊಹೆ, ಆದ್ರೆ ಫಲಿತಾಂಶ ದಾಖಲೆಯಲ್ಲಿದೆ: 1886ರ ಮೇ ತಿಂಗಳಲ್ಲಿ ಕುರೊಡಾ ಸ್ವತಃ ಕೊಲಾಂ ಅವರ ವಿದ್ಯಾರ್ಥಿಯಾದ.

ಮೂರನೇ ಫೋಟೋ ಒಂದು ಅಡ್ಡದಾರಿ, ಆದ್ರೆ ಬಿಡೋಕೆ ಮನಸ್ಸಾಗಲಿಲ್ಲ. ಆ ಕೂಟ ನಡೆದ ಅದೇ ಫೆಬ್ರವರಿಯ ಕೊನೆಯಲ್ಲಿ ಡಚ್ಚರವನೊಬ್ಬ ಪ್ಯಾರಿಸ್‌ಗೆ ಬಂದಿಳಿದ. ವಿನ್ಸೆಂಟ್ ವ್ಯಾನ್ ಗೋ! ಮೇ ತಿಂಗಳಲ್ಲಿ 'ಪಾರಿ ಇಲ್ಲುಸ್ತ್ರೆ' ಪತ್ರಿಕೆ ಜಪಾನಿನ ಬಗ್ಗೆಯೇ ಒಂದು ಸಂಚಿಕೆ ತಂತು. ಅದರ ಬರಹ ನಮ್ಮ ಹಯಾಶಿಯದು, ಫ್ರೆಂಚಿನಲ್ಲಿ. ಮುಖಪುಟದಲ್ಲಿ ಕೆಯಿಸಾಯ್ ಐಸೆನ್ ಬಿಡಿಸಿದ ಗಣಿಕೆಯ ಚಿತ್ರ. ಮರುವರ್ಷ ವ್ಯಾನ್ ಗೋ ಆ ಮುಖಪುಟದ ಚಿತ್ರವನ್ನ ಚೌಕಗಳ ಸಹಾಯದಿಂದ ದೊಡ್ಡದು ಮಾಡಿ, ತೈಲವರ್ಣದಲ್ಲಿ ಬಿಡಿಸಿದ. ಹಿರೋಶಿಗೆಯ ಎರಡು ಚಿತ್ರಗಳನ್ನೂ ನಕಲು ಮಾಡಿ, ಅಂಚಿನ ತುಂಬಾ ಜಪಾನಿ ಅಕ್ಷರಗಳನ್ನ ತುಂಬಿಸಿದ. ಓದೋಕೆ ಬರ್ತಿರಲಿಲ್ಲ. ಬೇರೆ ಮುದ್ರಣಗಳಲ್ಲಿ ಕಂಡ ಅಕ್ಷರಗಳನ್ನೇ ಅಲಂಕಾರವಾಗಿ ಎತ್ತಿಕೊಂಡಿದ್ದ. ಒಂದೇ ಊರು, ಒಂದೇ ಕಾಲ. ಒಬ್ಬ ಯುರೋಪಿನವನು ಅರ್ಥ ಗೊತ್ತಿಲ್ಲದ ಜಪಾನಿ ಅಕ್ಷರಗಳನ್ನ ಪ್ರೀತಿಯಿಂದ ತಿದ್ದುತ್ತಿದ್ದ. ಒಬ್ಬ ಜಪಾನಿ ಹುಡುಗ ಫ್ರೆಂಚ್ ವ್ಯಾಕರಣ ಮುಗಿಸಿ ಫ್ರೆಂಚ್ ರೇಖೆ ಕಲೀತಿದ್ದ.

ಆ ರೇಖೆಯ ಕಲಿಕೆ ಎಷ್ಟು ಬೇಸರದ್ದು ಅಂತ ನಮ್ಮ ಕ್ಲಾಸಿನವರಿಗೆ ಹೇಳಬೇಕಿಲ್ಲ. ಕೊಲಾಂ ಪಾಠ ಮಾಡ್ತಿದ್ದ ಅಕಾಡೆಮಿ ಕೊಲಾರೊಸ್ಸಿ ಖಾಸಗಿ ಶಾಲೆ. ಫೀಸ್ ಕಟ್ಟಿದ್ರೆ ವಿದೇಶಿಯರಿಗೂ ಹೆಂಗಸರಿಗೂ ಪ್ರವೇಶ ಇತ್ತು. (ಸರ್ಕಾರಿ ಕಲಾಶಾಲೆ ಎಕೋಲ್ ದೆ ಬೋಜಾರ್ ಹೆಣ್ಣುಮಕ್ಕಳಿಗೆ ಬಾಗಿಲು ತೆಗೆದಿದ್ದು 1897ರಲ್ಲಿ!) ಆ ಕಾಲದ ಪಾಠಕ್ರಮದಲ್ಲಿ ಮೊದಲು ಪ್ಲಾಸ್ಟರ್ ಬೊಂಬೆ, ಆಮೇಲೆ ಜೀವಂತ ಮಾಡೆಲ್. ಕೈಯಲ್ಲಿ ಬಣ್ಣ ಇಲ್ಲ, ಇದ್ದಿಲು ಮಾತ್ರ. ಅಳಿಸೋಕೆ ಬ್ರೆಡ್ಡಿನ ಒಳಗಿನ ಮೆತ್ತನೆ ಭಾಗ. ಕುರೊಡಾ ಇದ್ದಿಲಲ್ಲಿ ಬಿಡಿಸಿದ ನಗ್ನ ಅಧ್ಯಯನಗಳು ಇವತ್ತಿಗೂ ಉಳಿದಿವೆ, ನಾಲ್ಕನೇ ಫೋಟೋ. ಬೆನ್ನಿನ ಮೇಲೆ ಬೆಳಕು ಹೇಗೆ ತಿರುಗುತ್ತೆ ನೋಡಿ. ಬಟ್ಟೆಯಿಲ್ಲದ ಮೈಯನ್ನ ಹೀಗೆ ದಿನಗಟ್ಟಲೆ ಕೂತು ಅಳೆಯೋ ಪದ್ಧತಿ ಅವನ ದೇಶದ ಚಿತ್ರಶಾಲೆಗಳಲ್ಲಿ ಇರಲಿಲ್ಲ.

ಊರಿನಲ್ಲಿ ಗಾಳಿ ಬೇರೆ ಕಡೆ ಬೀಸ್ತಿತ್ತು. ಇಟಲಿಯ ಶಿಕ್ಷಕರನ್ನ ಕರೆಸಿ 1876ರಲ್ಲಿ ಶುರು ಮಾಡಿದ್ದ ಸರ್ಕಾರಿ ಕಲಾಶಾಲೆಯನ್ನ 1883ರಲ್ಲಿ ಮುಚ್ಚಿಬಿಟ್ಟಿದ್ರು, ಅಂದ್ರೆ ಇವನು ಹಡಗು ಹತ್ತೋ ಹಿಂದಿನ ವರ್ಷ. 1889ರಲ್ಲಿ ಟೋಕಿಯೊ ಲಲಿತಕಲಾ ಶಾಲೆ ತೆರೆದಾಗ ಅದರಲ್ಲಿ ಪಾಶ್ಚಾತ್ಯ ಚಿತ್ರಕಲೆಗೆ ಜಾಗವೇ ಇರಲಿಲ್ಲ. ಹೀಗಿರುವಾಗ 1887ರಲ್ಲಿ ಕುರೊಡಾ ಕಾನೂನು ಕಾಲೇಜನ್ನೂ ಸೇರಿದ, ಅದೇ ವರ್ಷ ಬಿಟ್ಟೂ ಬಿಟ್ಟ. ಪದವಿ ಇಲ್ಲ, ಕಲಿಯೋಕೆ ಹೊರಟಿರೋ ವಿದ್ಯೆಗೆ ಊರಲ್ಲಿ ಕೆಲಸ ಇಲ್ಲ, ಸಾಕಿದ ತಂದೆಗೆ ಪತ್ರದಲ್ಲೇ ಎಲ್ಲ ವಿವರಿಸಬೇಕು. ಆ ಪತ್ರಗಳು, ಡೈರಿಗಳು ಉಳಿದುಬಂದಿರೋದ್ರಿಂದಲೇ ನಮಗೆ ಇಷ್ಟೆಲ್ಲ ತಿಳಿದಿರೋದು. ಕೊನೆಗೆ ಅಪ್ಪ ಒಪ್ಪಿದ್ರು. 1893ರವರೆಗೆ ಮಗ ಫ್ರಾನ್ಸ್‌ನಲ್ಲೇ ಉಳಿದ.

ವಾಪಸ್ ಬಂದ ಮೇಲಿನ ಗಲಾಟೆ ಇನ್ನೊಂದು ಪೋಸ್ಟ್‌ಗೇ ಆಗುವಷ್ಟಿದೆ. ಕನ್ನಡಿ ಮುಂದೆ ನಿಂತ ನಗ್ನ ಹೆಂಗಸಿನ ಚಿತ್ರ 1895ರಲ್ಲಿ ಕ್ಯೋಟೊ ಪ್ರದರ್ಶನದಲ್ಲಿ ಎಬ್ಬಿಸಿದ ರಂಪ, 1901ರಲ್ಲಿ ಇನ್ನೊಂದು ಚಿತ್ರದ ಸೊಂಟದ ಕೆಳಗೆ ಬಟ್ಟೆ ಮುಚ್ಚಿ ತೋರಿಸಿದ್ದು, ಇತ್ಯಾದಿ. ಇಲ್ಲಿ ಬೇಕಾಗಿರೋದು 1896. ಆ ವರ್ಷ ಟೋಕಿಯೊ ಶಾಲೆಯಲ್ಲಿ ಪಾಶ್ಚಾತ್ಯ ಚಿತ್ರಕಲಾ ವಿಭಾಗ ಶುರುವಾಯ್ತು, ಅದರ ಹೊಣೆ ಕುರೊಡಾಗೆ ಬಂತು. ಮರುವರ್ಷ ಅದೇ ಸರ್ಕಾರ ತನ್ನ ಖರ್ಚಿನಲ್ಲಿ ಒಕಾಡಾ ಸಬುರೊಸುಕೆ ಅನ್ನೋ ತರುಣನನ್ನ ಪ್ಯಾರಿಸ್‌ಗೆ ಕಳಿಸ್ತು, ಈ ಸಲ ನೇರವಾಗಿ ಚಿತ್ರ ಕಲಿಯೋಕೆ. ಅವನು ಹೋಗಿ ಸೇರಿದ್ದೂ ರಫಾಯೆಲ್ ಕೊಲಾಂ ಹತ್ತಿರವೇ.