ಆನ್‌ಲೈನ್ ಜೂಜು ನಿಯಂತ್ರಣ: ಶಿವಮೊಗ್ಗ ಮತ್ತು ಭದ್ರಾವತಿ

ಶಿವಮೊಗ್ಗ ನಗರದಲ್ಲಾಗಲಿ ಭದ್ರಾವತಿಯಲ್ಲಾಗಲಿ ಹಣ ಕಟ್ಟಿ ಆಡುವ ಆನ್‌ಲೈನ್ ಜೂಜಿಗೆ ಪರವಾನಗಿ ಕೊಡುವ ಕಚೇರಿ ಇಲ್ಲ; ಇಡೀ ಕರ್ನಾಟಕದಲ್ಲೇ ಇಲ್ಲ. ಇಲ್ಲಿ ಜೂಜು ಪೊಲೀಸರ ವಿಷಯ. ಪಣ ಮತ್ತು ಜೂಜು ಸಂವಿಧಾನದ 7ನೇ ಅನುಸೂಚಿಯ ರಾಜ್ಯಪಟ್ಟಿಯಲ್ಲಿ 34ನೆಯದು. ಅದರ ಮೇಲೆ ರಾಜ್ಯ ಬಳಸುತ್ತ ಬಂದ ಅಸ್ತ್ರ 1963ರ ಕರ್ನಾಟಕ ಪೊಲೀಸ್ ಕಾಯ್ದೆ. ಪರವಾನಗಿ ಪಡೆದು ನಡೆಯುವುದು ಬೆಂಗಳೂರು, ಮೈಸೂರಿನ ಕುದುರೆ ಜೂಜು ಮಾತ್ರ. ಲಾಟರಿಯನ್ನು 2007ರಲ್ಲಿ ನಿಷೇಧಿಸಲಾಯಿತು.

ಭದ್ರಾವತಿಯ ಪೇಪರ್ ಟೌನ್, ನ್ಯೂಟೌನ್ ಠಾಣೆಗಳಿಂದ ಶಿವಮೊಗ್ಗದ ದೊಡ್ಡಪೇಟೆ ಠಾಣೆಯವರೆಗೆ ಪೊಲೀಸರಿಗೆ ಚಿರಪರಿಚಿತವಾದ ಜೂಜು ಓಸಿ, ಅಂದರೆ ಮಟ್ಕಾ. ಅಂಕಿ ಬರೆದ ಚೀಟಿ, ಬಾಲ್‌ಪೆನ್ನು, ಒಂದಿಷ್ಟು ನಗದು: ಪಂಚನಾಮೆಯಲ್ಲಿ ಸಿಗುವ ವಸ್ತುಗಳು ಇಷ್ಟೇ. ಗೆದ್ದರೆ ರೂಪಾಯಿಗೆ 70 ಅಥವಾ 80 ರೂಪಾಯಿ ಎಂಬುದು ಆಮಿಷ. ಎರಡಂಕಿಯ ಆಟದಲ್ಲಿ ಸಾಧ್ಯತೆಗಳು ನೂರು ಇರುವಾಗ ಲಾಭ ಯಾರದ್ದೆಂದು ಬೇರೆ ಹೇಳಬೇಕಿಲ್ಲ. ಓಸಿಗೆ ಪೊಲೀಸ್ ಕಾಯ್ದೆಯ ಕಲಂ 78, ರಸ್ತೆಬದಿಯ ಅಂದರ್ ಬಾಹರ್‌ಗೆ ಕಲಂ 87. ಓಸಿ ಪ್ರಕರಣದ ತನಿಖೆಗೆ ಮ್ಯಾಜಿಸ್ಟ್ರೇಟರ ಅನುಮತಿ ಬೇಕು. ಅದನ್ನು ಸರಿಯಾಗಿ ಪಡೆಯದ ಕಾರಣಕ್ಕೇ ಹೈಕೋರ್ಟಿನಲ್ಲಿ ಬಿದ್ದುಹೋದ ಮೊಕದ್ದಮೆಗಳಿವೆ.

ಚೀಟಿ ಮೊಬೈಲಿಗೆ ಬಂದಾಗ ಈ ವ್ಯವಸ್ಥೆ ಸಾಲದಾಯಿತು. 2021ರ ಸೆಪ್ಟೆಂಬರ್‌ನಲ್ಲಿ ಆ ಕಾಯ್ದೆಗೆ ತಿದ್ದುಪಡಿ ಮಸೂದೆ ತಂದ ಆಗಿನ ಗೃಹ ಸಚಿವ ಆರಗ ಜ್ಞಾನೇಂದ್ರ ಇದೇ ಜಿಲ್ಲೆಯ ತೀರ್ಥಹಳ್ಳಿ ಕ್ಷೇತ್ರದ ಶಾಸಕರು. ಅಕ್ಟೋಬರ್ 5ರಂದು ಜಾರಿಗೆ ಬಂದ ಆ ಕಾಯ್ದೆ ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು, ಕೌಶಲದವನ್ನೂ ಸೇರಿಸಿ, ಅಪರಾಧವೆಂದಿತು. 3 ವರ್ಷದವರೆಗೆ ಸೆರೆ, 1 ಲಕ್ಷ ರೂಪಾಯಿವರೆಗೆ ದಂಡ. ಕುದುರೆ ಜೂಜಿಗೆ ವಿನಾಯಿತಿ. ರಮ್ಮಿ ಕೌಶಲದ ಆಟವೆಂದು ಸುಪ್ರೀಂ ಕೋರ್ಟ್ 1967ರಲ್ಲೇ ಹೇಳಿದ್ದರಿಂದ ಕಾಯ್ದೆ ನಿಲ್ಲುವುದು ಕಷ್ಟವೇ ಇತ್ತು. 2022ರ ಫೆಬ್ರುವರಿ 14ರಂದು ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ರಿತುರಾಜ್ ಅವಸ್ಥಿ ಮತ್ತು ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಅವರ ಪೀಠ ಅದರ ಮುಖ್ಯ ಕಲಂಗಳನ್ನು ರದ್ದುಮಾಡಿತು. ಸಂವಿಧಾನಬದ್ಧವಾಗಿ ಹೊಸ ಕಾಯ್ದೆ ತರಲು ಅಡ್ಡಿಯಿಲ್ಲವೆಂದೂ ಹೇಳಿತು.

ಇತ್ತ ಪರವಾನಗಿಯೇ ಇಲ್ಲದ ಊರಿನ ಮೊಬೈಲಿನಲ್ಲಿ ತೆರೆದುಕೊಳ್ಳುವ ಎಷ್ಟೋ ಬೆಟ್ಟಿಂಗ್ ತಾಣಗಳು ತಮಗೆ ಪರವಾನಗಿ ಇದೆ ಎನ್ನುತ್ತವೆ. ಅದು ಹೆಚ್ಚಾಗಿ ಕೆರಿಬಿಯನ್ ದ್ವೀಪ ಕುರಸಾವ್‌ನದು. ಅಲ್ಲಿ 1993ರ ಕಾನೂನಿನಡಿ ಬೆರಳೆಣಿಕೆಯ ಮೂಲ ಪರವಾನಗಿದಾರರು ಉಳಿದವರಿಗೆ ಉಪಪರವಾನಗಿ ಹಂಚುತ್ತಿದ್ದರು. ಸರ್ಕಾರದ ಕಣ್ಣು ಆ ಉಪಪರವಾನಗಿದಾರರ ಮೇಲೆ ನೇರವಾಗಿ ಬೀಳುತ್ತಿರಲಿಲ್ಲ. 2024ರ ಡಿಸೆಂಬರ್ 24ರಂದು ಜಾರಿಯಾದ ಹೊಸ ಕಾನೂನು ಈ ಪದ್ಧತಿ ಕೊನೆಗೊಳಿಸಿ, ಪ್ರತಿ ಸಂಸ್ಥೆಗೂ ಅಲ್ಲಿನ ಜೂಜು ಪ್ರಾಧಿಕಾರವೇ ನೇರ ಪರವಾನಗಿ ಕೊಡುವಂತೆ ಮಾಡಿತು. ಆ ಕಾಗದಕ್ಕೆ ಭದ್ರಾವತಿಯಲ್ಲಿ ಕಾನೂನಿನ ಬೆಲೆ ಸೊನ್ನೆ. ಆದರೆ ಸಂಸ್ಥೆ, ಸರ್ವರ್ ಎರಡೂ ಹೊರದೇಶದಲ್ಲಿರುವಾಗ ಶಿವಮೊಗ್ಗದ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಠಾಣೆಯ ಕೈಗೆ ಎಟಕುವುದು ಹೆಚ್ಚೆಂದರೆ ಸ್ಥಳೀಯ ಬುಕ್ಕಿ ಮತ್ತು ಹಣ ಸಾಗಿದ ಬ್ಯಾಂಕ್ ಖಾತೆ.

2025ರ ಆಗಸ್ಟ್‌ನಲ್ಲಿ ಸಂಸತ್ತೇ ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆಯನ್ನು ಅಂಗೀಕರಿಸಿತು; 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಹಣದಾಟ ಒದಗಿಸುವವರಿಗೆ 3 ವರ್ಷದವರೆಗೆ ಸೆರೆ, 1 ಕೋಟಿ ರೂಪಾಯಿವರೆಗೆ ದಂಡ. ಜಾಹೀರಾತು ನೀಡಿದವರಿಗೆ 2 ವರ್ಷ, 50 ಲಕ್ಷದವರೆಗೆ. ಹಣ ದಾಟಿಸುವ ಬ್ಯಾಂಕು, ಪಾವತಿ ಸಂಸ್ಥೆಗಳನ್ನೂ ಬಿಟ್ಟಿಲ್ಲ. ಆಡುವವನಿಗೆ ಶಿಕ್ಷೆಯಿಲ್ಲ, ರಾಜ್ಯದ 2021ರ ಪ್ರಯತ್ನಕ್ಕಿಂತ ಇದು ವಿವೇಕದ ನಡೆ. ಕೌಶಲ, ಅದೃಷ್ಟ ಎಂಬ ಭೇದವನ್ನು ಈ ಕಾಯ್ದೆಯೂ ಬದಿಗಿಟ್ಟಿದ್ದರಿಂದ ಹಳೆಯ ತಕರಾರು ಮತ್ತೆ ಎದ್ದಿತು. ರಮ್ಮಿ ಆ್ಯಪ್ ಸಂಸ್ಥೆಯೊಂದು ಕರ್ನಾಟಕ ಹೈಕೋರ್ಟಿನಲ್ಲೇ ಅದನ್ನು ಪ್ರಶ್ನಿಸಿತು. ಬೇರೆ ಹೈಕೋರ್ಟುಗಳ ಅರ್ಜಿಗಳ ಜೊತೆಗೆ ಅದನ್ನೂ ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್‌ನಲ್ಲಿ ತನ್ನಲ್ಲಿಗೆ ವರ್ಗಾಯಿಸಿಕೊಂಡಿತು.