ಬೆರಳಚ್ಚಿನ ನಿರಾಕರಣೆ: ಟ್ರಾನ್ಸ್‌ವಾಲ್, ಊರಿಗಾಂ ಮತ್ತು ಒಂದು ಚಲನಚಿತ್ರ

2006ರ ಸೆಪ್ಟೆಂಬರ್‌ನಲ್ಲಿ ತೆರೆಕಂಡ ರಾಜ್‌ಕುಮಾರ್ ಹಿರಾನಿಯವರ ‘ಲಗೇ ರಹೋ ಮುನ್ನಾಭಾಯಿ’ ಎಂಬ ಹಿಂದಿ ಚಿತ್ರವು ‘ಗಾಂಧಿಗಿರಿ’ ಎಂಬ ಪದವನ್ನು ಮನೆಮಾತಾಗಿಸಿತು. ಮನೆ ಕಬಳಿಸಿದವನಿಗೆ ಹೂ ಕಳುಹಿಸುವುದು, ಲಂಚ ಕೇಳಿದ ನೌಕರನೆದುರು ನಿವೃತ್ತ ವೃದ್ಧನೊಬ್ಬ ಮೈಮೇಲಿನ ಬಟ್ಟೆಯನ್ನೂ ಕಳಚಿಡುವುದು ಮೊದಲಾದ ದೃಶ್ಯಗಳಲ್ಲಿ ಅಹಿಂಸೆಯು ಎದುರಾಳಿಯ ನಾಚಿಕೆಯನ್ನು ಎಚ್ಚರಿಸುವ ಉಪಾಯವಾಗಿದೆ. ಆ ಮಟ್ಟಿಗೆ ಚಿತ್ರ ಸಫಲವೇ. ಆದರೆ ಗಾಂಧೀಜಿಯವರ ಅಹಿಂಸೆಯ ಕಠಿಣ ಮುಖವಾದ ನಿರಾಕರಣೆ ಅದರಲ್ಲಿ ಮಸುಕಾಗಿದೆ.

ಚಿತ್ರ ಬಂದ ತಿಂಗಳಿಗೆ ಸರಿಯಾಗಿ ನೂರು ವರ್ಷಗಳ ಹಿಂದೆ, 1906ರ ಸೆಪ್ಟೆಂಬರ್ 11ರಂದು, ಚಿನ್ನದ ಗಣಿಗಳ ನಗರವಾದ ಜೋಹಾನ್ಸ್‌ಬರ್ಗ್‌ನಲ್ಲಿ ಭಾರತೀಯರು ಸಭೆ ಸೇರಿದರು. ಟ್ರಾನ್ಸ್‌ವಾಲ್ ಸರ್ಕಾರ ಏಷ್ಯಾದವರ ಮೇಲೆ ಹೇರಲು ಹೊರಟಿದ್ದ ಬೆರಳಚ್ಚು ಸಹಿತ ನೋಂದಣಿಗೆ ಒಳಪಡುವುದಿಲ್ಲವೆಂದು ದೇವರ ಸಾಕ್ಷಿಯಾಗಿ ಪ್ರತಿಜ್ಞೆ ಮಾಡಿದರು. ಜೈನ ಶ್ರಾವಕಾಚಾರದಲ್ಲಿ ಅಹಿಂಸೆ ಮೊದಲ ಅಣುವ್ರತ; ಅದನ್ನು ತೊಡುವವನು ವ್ಯಕ್ತಿ. ಜೈನ ಚಿಂತಕ ರಾಯಚಂದಭಾಯಿಯವರ ಒಡನಾಟದಲ್ಲಿ ಬೆಳೆದ ಗಾಂಧೀಜಿ ಒಂದು ಸಮುದಾಯವೇ ಕೂಡಿ ವ್ರತ ತೊಡುವಂತೆ ಮಾಡಿದರು. 1908ರ ಆರಂಭದಲ್ಲಿ ರಾಜಿಯಾದಾಗ ಅವರೇ ಸ್ವಇಚ್ಛೆಯಿಂದ ನೋಂದಣಿಗೆ ಹೊರಟು, ದಾರಿಯಲ್ಲಿ ಮೀರ್ ಆಲಂ ಮತ್ತವನ ಸಂಗಡಿಗರಿಂದ ಪೆಟ್ಟು ತಿಂದರು. ಬೆರಳಿನ ಗುರುತು ಅವರಿಗೆ ಅವಮಾನವಾಗಿರಲಿಲ್ಲ, ಅದರ ಬಲವಂತ ಅವಮಾನವಾಗಿತ್ತು. ಕಾಯಿದೆ ರದ್ದಾಗದಿದ್ದಾಗ ಅದೇ ವರ್ಷದ ಆಗಸ್ಟ್ 16ರಂದು ನೋಂದಣಿ ಪತ್ರಗಳು ಬೆಂಕಿಗೆ ಬಿದ್ದವು.

ಇಪ್ಪತ್ತೆರಡು ವರ್ಷಗಳ ಅನಂತರ ಬೆರಳಚ್ಚಿನ ಪ್ರಶ್ನೆ ಮತ್ತೊಂದು ಚಿನ್ನದ ನೆಲದಲ್ಲಿ ಎದ್ದಿತು. ಊರಿಗಾಂ, ಚಾಂಪಿಯನ್ ರೀಫ್, ಮೈಸೂರು, ನಂದಿದುರ್ಗ ಗಣಿಗಳು ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯ ಆಡಳಿತದಲ್ಲಿದ್ದವು. ದುಡಿಯುವವರಲ್ಲಿ ಬಹುಪಾಲು ಉತ್ತರ ಆರ್ಕಾಟ್ ಮೊದಲಾದ ಕಡೆಗಳಿಂದ ಬಂದ ದಲಿತರು. ಚಿನ್ನದ ಕಳವಿನ ಭಯ ಅಲ್ಲಿನ ಕಾನೂನನ್ನೇ ರೂಪಿಸಿತ್ತು. 1897ರ ಮೈಸೂರು ಗಣಿ ನಿಬಂಧನೆಯೂ ಆ ಭಯದ ಛಾಯೆಯಲ್ಲೇ ಇತ್ತು. 1930ರಲ್ಲಿ ಕಾರ್ಮಿಕರೆಲ್ಲರ ಬೆರಳಚ್ಚು ಪಡೆಯುವ ನೋಂದಣಿ ಬಂದಿತು. ಒಂದು ಗಣಿ ಬಿಟ್ಟವನು ಬೇರೆ ಹೆಸರಿನಲ್ಲಿ ಇನ್ನೊಂದನ್ನು ಸೇರಬಹುದು, ಬೆರಳನ್ನು ಬದಲಿಸಲಾರ. ಬಡವನಿಗಿದ್ದ ಆ ಸಣ್ಣ ಸ್ವಾತಂತ್ರ್ಯವೂ ಹೋಗುವ ಹಾಗಾಯಿತು. ಏಪ್ರಿಲ್‌ನಲ್ಲಿ ಸಾವಿರಾರು ಕಾರ್ಮಿಕರು ಗಣಿಗಿಳಿಯದೆ ನಿಂತರು. ಮುಷ್ಕರ ಸುಮಾರು ಮೂರು ವಾರ ನಡೆಯಿತು. ಅವರ ಬೆನ್ನಿಗೆ ಸಂಘವೆಂಬುದು ಇರಲಿಲ್ಲ. ಅದೇ ತಿಂಗಳ 6ರಂದು ದಂಡಿಯ ಕಡಲತಡಿಯಲ್ಲಿ ಉಪ್ಪಿನ ಕಾಯಿದೆ ಮುರಿದುದು ದೇಶಕ್ಕೆಲ್ಲ ಸುದ್ದಿಯಾಯಿತು. ಊರಿಗಾಂನ ಸುದ್ದಿಗೆ ಆ ಹರವು ದೊರೆಯಲಿಲ್ಲ.

ಇದನ್ನು ಸತ್ಯಾಗ್ರಹವೆಂದು ಕರೆಯುವ ಅವಸರ ಬೇಡ. ಇಲ್ಲಿ ಪ್ರತಿಜ್ಞೆಯಿರಲಿಲ್ಲ, ಎದುರಾಳಿಯ ಹೃದಯ ಪರಿವರ್ತನೆಯ ನಿರೀಕ್ಷೆಯೂ ಇರಲಿಲ್ಲ. ಆದರೂ ಟ್ರಾನ್ಸ್‌ವಾಲ್‌ನ ಪ್ರತಿಜ್ಞೆಯ ತಿರುಳಾಗಿದ್ದ ‘ಕೊಡಲಾರೆವು’ ಎಂಬ ಮಾತು ಗಣಿಬಾಯಿಯಲ್ಲಿ ಗಾಂಧೀಜಿಯವರ ನೆರವಿಲ್ಲದೆಯೇ ಹುಟ್ಟಿತು. ಮುನ್ನಾಭಾಯಿಯ ಎದುರಾಳಿಗೆ ಮುಖವಿದೆ, ಹೂವಿನಿಂದ ಕರಗುವ ಮನಸ್ಸಿದೆ. ಗಣಿಯ ನೋಂದಣಿ ಪುಸ್ತಕಕ್ಕೆ ಅವೆರಡೂ ಇರಲಿಲ್ಲ. ಈ ಮುಷ್ಕರವನ್ನು ವಿವರವಾಗಿ ಅಧ್ಯಯನ ಮಾಡಿದವರಲ್ಲಿ ಇತಿಹಾಸಕಾರ್ತಿ ಜಾನಕಿ ನಾಯರ್ ಪ್ರಮುಖರು. ಅವರ ಲೇಖನ ಪ್ರಕಟವಾದದ್ದು 1990ರಲ್ಲಿ, ಘಟನೆ ನಡೆದು ಅರುವತ್ತು ವರ್ಷಗಳಾದ ಮೇಲೆ.