ಗುಂಡುತೋಪೂ ನೀಲಗಿರಿಯೂ: ಬೆಂಗಳೂರಿನ ಹೊರಸೀಮೆಯಲ್ಲಿ ಸಸ್ಯವೈವಿಧ್ಯದ ಚರಿತ್ರೆ

ಬೆಂಗಳೂರಿನ ಸುತ್ತಣ ಸೀಮೆಯ ಚರಿತ್ರೆಯನ್ನು ಬರೆದವರು ಕೋಟೆ, ಕೆರೆ, ದೇಗುಲ, ಶಾಸನಗಳ ವಿಚಾರವಾಗಿ ಬಹಳ ಬರೆದಿರುವರು. ಬೇಗೂರಿನ ವೀರಗಲ್ಲಿನಲ್ಲಿ ಬೆಂಗಳೂರೆಂಬ ಹೆಸರು 9ನೆಯ ಶತಮಾನದಷ್ಟು ಹಿಂದೆಯೇ ಕಾಣಬರುವುದೆಂಬುದು ವಿದ್ವಾಂಸರಿಗೆ ವಿದಿತವಾದುದೇ. ಆದರೆ ಆ ಕಲ್ಲು ನಿಂತ ನೆಲದ ಮೇಲೆ ಯಾವ ಮರಗಿಡಗಳು ಬೆಳೆದಿದ್ದುವು, ಬರ, ಕೊಡಲಿ, ಬೆಂಕಿಗಳಿಂದ ಅವು ಕೆಟ್ಟಾಗ ಆ ನೆಲವು ಮತ್ತೆ ಹೇಗೆ ಹಸುರಾಯಿತು ಎಂಬ ವಿಚಾರಕ್ಕೆ ಚರಿತ್ರೆಯಲ್ಲಿ ದೊರೆತ ಸ್ಥಾನವು ಅಲ್ಪ. ಬೇಗೂರಿನ ನೆರೆಯಲ್ಲಿ ಈಗ ಎಲೆಕ್ಟ್ರಾನಿಕ್ ಸಿಟಿ ಇರುವುದು. ನಗರದ ಮೂಡಲಿಗೆ ವೈಟ್‌ಫೀಲ್ಡ್, ವಾಯವ್ಯಕ್ಕೆ ಪೀಣ್ಯ. ಈ ಹೊರಸೀಮೆಯ ಊರುಗಳಲ್ಲಿ ಜನರು ನೆಟ್ಟು ಬೆಳೆಸಿದ ಮರಗಳ ಗುಂಪುಗಳು ಮುಖ್ಯವಾಗಿ ಎರಡು ಬಗೆಯವು: ಒಂದು ಹಳೆಯ ಗುಂಡುತೋಪು, ಇನ್ನೊಂದು ಇತ್ತೀಚಿನ ನೀಲಗಿರಿತೋಪು. ಇವೆರಡನ್ನೂ ಹೋಲಿಸಿದಲ್ಲಿ ಸಸ್ಯವೈವಿಧ್ಯಕ್ಕೂ ಕೆಟ್ಟ ನೆಲದ ಚೇತರಿಕೆಗೂ ಇರುವ ಸಂಬಂಧವು ತಿಳಿದುಬರುವುದು.

ಗುಂಡುತೋಪೆಂಬುದು ಊರೊಟ್ಟಿನ ತೋಪು. ಇದು ಕಾಡಲ್ಲ; ಮನುಷ್ಯರು ನೆಟ್ಟುದೇ ಹೌದು. ಆದರೆ ನೆಟ್ಟವರು ಒಂದೇ ಪ್ರಯೋಜನವನ್ನು ನೋಡಿ ನೆಟ್ಟವರಲ್ಲ. ಹಣ್ಣಿಗೆ ಮಾವು, ಹಲಸು, ನೇರಳೆ, ಅಡುಗೆಗೆ ಹುಣಸೆ, ದೀಪದ ಎಣ್ಣೆಗೂ ಗೊಬ್ಬರಕ್ಕೂ ಹೊಂಗೆ, ಎಣ್ಣೆಗೆ ಹಿಪ್ಪೆ, ನೆರಳಿಗೂ ಪೂಜೆಗೂ ಆಲ, ಅರಳಿ. ಹೊಂಗಸಂದ್ರವೇ ಮೊದಲಾದ ಊರ ಹೆಸರುಗಳಲ್ಲಿ ಈ ಮರಗಳ ನೆನಪು ಇನ್ನೂ ಉಳಿದಿದೆ. ಹೊಂಗೆಯು ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳ ಸಹಾಯದಿಂದ ಗಾಳಿಯ ಸಾರಜನಕವನ್ನು ಮಣ್ಣಿಗೆ ಸೇರಿಸುವುದು. ಆಲ, ನೇರಳೆಗಳ ಹಣ್ಣಿಗೆ ಬರುವ ಹಕ್ಕಿಗಳೂ ಬಾವಲಿಗಳೂ ಬೀಜವನ್ನು ದೂರದ ಬಂಜರಿನಲ್ಲಿ ಬಿತ್ತುವುವು. ಒಂದು ಮರಕ್ಕೆ ರೋಗ ಬಂದರೆ ಇನ್ನೊಂದು ನಿಲ್ಲುವುದು. ಆದುದರಿಂದ ಗುಂಡುತೋಪು ತಾನು ಬದುಕುವುದಲ್ಲದೆ ಸುತ್ತಣ ನೆಲಕ್ಕೆ ಬೀಜದ ಕಣಜವೂ ಆಗಿದ್ದಿತು.

ನೀಲಗಿರಿಯ ಚರಿತ್ರೆ ಬೇರೆ. ಆಸ್ಟ್ರೇಲಿಯಾದ ಈ ಮರವನ್ನು 1790ರ ಸುಮಾರಿನಲ್ಲಿ ಟಿಪ್ಪು ಸುಲ್ತಾನನು ನಂದಿಬೆಟ್ಟದ ತೋಟದಲ್ಲಿ ನೆಡಿಸಿದನೆಂದು ಹೇಳುವರು. 1843ರಿಂದ ನೀಲಗಿರಿ ಬೆಟ್ಟಗಳಲ್ಲಿ ಇದನ್ನು ನೆಡಲಾರಂಭಿಸಿದರು. ಕನ್ನಡದ ಹೆಸರು ಆ ಬೆಟ್ಟಗಳಿಂದಲೇ ಬಂದುದು. ನಂದಿಯ ಮರಗಳ ಸಂತತಿಯು ‘ಮೈಸೂರು ಗಮ್’ ಎಂಬ ಹೆಸರಿನಿಂದ ದೇಶದಲ್ಲೆಲ್ಲ ಹರಡಿತು. 1983ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಆರಂಭವಾದ ಸಾಮಾಜಿಕ ಅರಣ್ಯ ಯೋಜನೆಯ ಕಾಲದಲ್ಲಿ ಬೆಂಗಳೂರು, ಕೋಲಾರದ ಸೀಮೆಗಳಲ್ಲಿ ರಾಗಿಯ ಹೊಲಗಳು ಕೂಡ ನೀಲಗಿರಿತೋಪುಗಳಾದುವು. ಕೂಲಿಯ ಖರ್ಚು ಕಡಮೆ, ದನಕರುಗಳು ಎಲೆಯನ್ನು ಮೇಯವು, ಕಡಿದರೆ ಬುಡದಿಂದ ತಾನಾಗಿ ಚಿಗುರುವುದು. ಹೀಗಾಗಿ ರೈತನು ಇದನ್ನು ನೆಟ್ಟುದು ಅವಿವೇಕವೆನ್ನಲಾಗದು. ಆದರೆ 1983ರ ಆಗಸ್ಟಿನಲ್ಲಿ ತುಮಕೂರು ಜಿಲ್ಲೆಯ ರೈತರು ಅರಣ್ಯದ ಸಸಿಮಡಿಗೆ ನಡೆದುಹೋಗಿ ನೀಲಗಿರಿಯ ಸಸಿಗಳನ್ನು ಕಿತ್ತು, ಆ ಸ್ಥಳದಲ್ಲಿ ಹುಣಸೆ, ಮಾವಿನ ಬೀಜಗಳನ್ನು ಬಿತ್ತಿದರು.

ಇಲ್ಲಿ ಒಂದು ಪೂರ್ವಪಕ್ಷವು ಹುಟ್ಟುವುದು. ಕಡಿದ ಮೇಲೆ ಅತಿ ಬೇಗ ಹಸುರಾಗುವುದು ನೀಲಗಿರಿತೋಪೇ ಅಲ್ಲವೇ? ಹಾಗಾದರೆ ಚೇತರಿಕೆಗೆ ವೈವಿಧ್ಯವೇಕೆ? ಈ ಪ್ರಶ್ನೆಯನ್ನು ಶಾಸ್ತ್ರಜ್ಞರೂ ಬಹುಕಾಲದಿಂದ ಚರ್ಚಿಸಿರುವರು. ನಾನಾ ಬಗೆಯ ಹುಲ್ಲುಗಳನ್ನು ಬಿತ್ತಿದ ನೆಲವು ಒಂದೇ ಬಗೆಯದನ್ನು ಬಿತ್ತಿದ ನೆಲಕ್ಕಿಂತ ಹೆಚ್ಚು ಬೆಳೆಯುವುದೆಂದು ಡಾರ್ವಿನನು 1859ರಲ್ಲಿಯೇ ಸೂಚಿಸಿದ್ದನು. ಸಸ್ಯಪ್ರಾಣಿಗಳ ವೈವಿಧ್ಯವು ಕಡಮೆಯಾದಲ್ಲಿ ಸ್ಥೈರ್ಯವೂ ಕಡಮೆಯೆಂದು ಎಲ್ಟನ್ 1958ರಲ್ಲಿ ವಾದಿಸಿದನು. ಗಣಿತದ ದೃಷ್ಟಿಯಿಂದ ಇದು ಅನಿವಾರ್ಯವಲ್ಲವೆಂದು ರಾಬರ್ಟ್ ಮೇ 1970ರ ದಶಕದಲ್ಲಿ ಆಕ್ಷೇಪಿಸಿದನು. ಅಮೆರಿಕದ ಮಿನ್ನೆಸೋಟಾದಲ್ಲಿ 1982ರಿಂದ 207 ಹುಲ್ಲುಮಡಿಗಳನ್ನು ಪರೀಕ್ಷಿಸುತ್ತಿದ್ದ ಟಿಲ್ಮನ್, ಡೌನಿಂಗ್ ಎಂಬವರು, 1987–88ರ ಬರವನ್ನು ಹೆಚ್ಚು ಬಗೆಯ ಸಸ್ಯಗಳಿದ್ದ ಮಡಿಗಳು ಉತ್ತಮವಾಗಿ ತಡೆದು, ಹೆಚ್ಚು ಪೂರ್ಣವಾಗಿ ಚೇತರಿಸಿಕೊಂಡುವೆಂದು 1994ರಲ್ಲಿ ತಿಳಿಸಿದರು. ಆದರೆ ಆ ಮಡಿಗಳಿಗೆ ಹಾಕಿದ್ದ ಸಾರಜನಕದ ಗೊಬ್ಬರವೇ ವೈವಿಧ್ಯವನ್ನು ಕಡಮೆಮಾಡಿದ್ದುದರಿಂದ, ಕಾರಣವು ಯಾವುದೆಂಬ ಆಕ್ಷೇಪವು ಎದ್ದಿತು. 2015ರಲ್ಲಿ 46 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ಬರ ಅಥವಾ ಅತಿವೃಷ್ಟಿಯ ಕಾಲದಲ್ಲಿ ಒಂದೆರಡು ಜಾತಿಗಳ ಮಡಿಗಳ ಬೆಳೆಯು ಸುಮಾರು ನೂರಕ್ಕೆ 50ರಷ್ಟು ವ್ಯತ್ಯಾಸಹೊಂದಿದರೆ, 16ರಿಂದ 32 ಜಾತಿಗಳಿದ್ದ ಮಡಿಗಳಲ್ಲಿ ಅದು ಸುಮಾರು 25 ಮಾತ್ರವಾಗಿದ್ದಿತು. ಒಂದು ವರ್ಷದ ಅನಂತರದ ಚೇತರಿಕೆಯಲ್ಲಾದರೋ ವೈವಿಧ್ಯದಿಂದ ಭೇದವು ಕಾಣಲಿಲ್ಲ.

ಈ ನಿರ್ಣಯವು ಪೂರ್ವಪಕ್ಷಕ್ಕೆ ಅನುಕೂಲವಾದಂತೆ ತೋರಬಹುದು. ಆದರೆ ಚೇತರಿಕೆಯೆಂಬ ಒಂದೇ ಮಾತಿನಲ್ಲಿ ಎರಡು ಅರ್ಥಗಳು ಅಡಗಿವೆ. ಬೆಳೆಯ ತೂಕವು ಮೊದಲಿನಷ್ಟಾಗುವುದು ಒಂದು; ಇದ್ದ ಜೀವಸಮುದಾಯವು ಮತ್ತೆ ನೆಲೆಗೊಳ್ಳುವುದು ಇನ್ನೊಂದು. ಆ ಪ್ರಯೋಗಗಳು ಅಳೆದುದು ಮೊದಲನೆಯದನ್ನು. ನೀಲಗಿರಿಯ ಬುಡದಿಂದ ಚಿಗುರು ಬಂದಾಗ ತೂಕವು ಮರಳಿ ಬರುವುದು. ಬರುವುದು ಅದೇ ಮರ, ಬೇರೆಯದಲ್ಲ. ಈ ಚೇತರಿಕೆಯ ಮಿತಿಯು 2001ರ ಸುಮಾರಿನಲ್ಲಿ ಪ್ರಕಟವಾಯಿತು. ಸುಮಾರು ಒಂದೂವರೆ ಮಿಲಿಮೀಟರಿನಷ್ಟು ಗಾತ್ರದ ಆಸ್ಟ್ರೇಲಿಯಾದ ಗಂಟುಕೀಟವೊಂದು ದಕ್ಷಿಣ ಭಾರತಕ್ಕೆ ಬಂದು, ಎಳೆಯ ಚಿಗುರುಗಳಲ್ಲಿಯೂ ಎಲೆಗಳಲ್ಲಿಯೂ ಗಂಟುಗಳನ್ನುಂಟುಮಾಡಿ, ಕರ್ನಾಟಕವೇ ಮೊದಲಾದ ಸೀಮೆಗಳ ತೋಪುಗಳನ್ನು ಪೀಡಿಸಿತು. ಬೇರೆ ಜಾತಿಯ ಮರವೊಂದೂ ಇಲ್ಲದ ತೋಪಿನಲ್ಲಿ ಅದನ್ನು ತಡೆಯುವ ಗೋಡೆಯೇ ಇರಲಿಲ್ಲ.

ಒಂದೇ ಜಾತಿಯ ತೋಪೆಲ್ಲವೂ ದುರ್ಬಲವೆಂದು ಹೇಳುವಂತಿಲ್ಲ. ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನ 54 ಎಕರೆಯ ಹುಣಸೆತೋಪು ಶತಮಾನಗಳಿಂದ ನಿಂತಿದೆ. 2007ರಲ್ಲಿ ಅದು ಭಾರತದ ಪ್ರಥಮ ಜೀವವೈವಿಧ್ಯ ಪರಂಪರೆಯ ತಾಣವೆಂದು ಘೋಷಿತವಾಯಿತು. ಅಲ್ಲಿಯ ಮರಗಳು ಜಾತಿಯಿಂದ ಒಂದೇ ಆದರೂ ಕಾಯಿಯ ಆಕಾರ, ಗಾತ್ರಗಳಲ್ಲಿ ಒಂದರಂತೆ ಒಂದಿಲ್ಲ. ವೈವಿಧ್ಯವು ಜಾತಿಯ ಒಳಗೂ ಇರುವುದೆಂಬುದಕ್ಕೆ ಇದು ನಿದರ್ಶನ.

1882ರಲ್ಲಿ ಚಾಮರಾಜೇಂದ್ರ ಒಡೆಯರು ಯುರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ಸಂಘಕ್ಕೆ ಕೊಟ್ಟ ಭೂಮಿಯಲ್ಲಿ ವೈಟ್‌ಫೀಲ್ಡ್ ಬೇಸಾಯದ ನೆಲೆಯಾಗಿ ಹುಟ್ಟಿತು. 1970ರ ದಶಕದಲ್ಲಿ ಪೀಣ್ಯದ ಕೈಗಾರಿಕಾ ಪ್ರದೇಶವೂ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಯೂ ರೂಪುಗೊಂಡುವು. ಊರು ಬೆಳೆದಂತೆ ಅನೇಕ ಗುಂಡುತೋಪುಗಳು ಕಟ್ಟಡಗಳಿಗೆ ನಿವೇಶನವಾದುವು. 2017ರಲ್ಲಿ ಸರ್ಕಾರವು ಹೊಸದಾಗಿ ನೀಲಗಿರಿಯನ್ನು ನೆಡುವುದನ್ನು ನಿಷೇಧಿಸಿತು. ಆದರೆ ನಿಷೇಧದಿಂದ ಒಂದು ಮರವು ನಿಲ್ಲುವುದೇ ಹೊರತು ಹಲವು ಮರಗಳು ಹುಟ್ಟವು. ನೀಲಗಿರಿಯ ಬುಡವನ್ನು ಕಿತ್ತ ನೆಲದಲ್ಲಿ ಏನು ಮೊಳೆಯುವುದೆಂಬುದು ಹತ್ತಿರದಲ್ಲಿ ಬೀಜ ಕೊಡುವ ಮರಗಳಿವೆಯೇ, ಅದನ್ನು ತರುವ ಹಕ್ಕಿಗಳಿವೆಯೇ ಎಂಬುದನ್ನು ಬಹುಮಟ್ಟಿಗೆ ಅವಲಂಬಿಸಿರುವುದು. ಆದುದರಿಂದ ಊರ ಹೊರಗಿನ ಒಂದು ಹಳೆಯ ತೋಪನ್ನು ಕಳೆದುಕೊಳ್ಳುವುದೆಂದರೆ, ಅದರ ಸುತ್ತಣ ನೆಲವು ಮುಂದೆ ಚೇತರಿಸಿಕೊಳ್ಳುವ ದಾರಿಯನ್ನೂ ಕಳೆದುಕೊಂಡಂತೆಯೇ. ಸಸಿಗಳನ್ನು ಕಿತ್ತಷ್ಟಕ್ಕೇ ನಿಲ್ಲದೆ ಅಲ್ಲಿ ಹುಣಸೆ, ಮಾವುಗಳನ್ನು ಬಿತ್ತಿಬಂದ ತುಮಕೂರಿನ ರೈತರು ಈ ಅಂಶವನ್ನು ಅರಿತೇ ಇದ್ದರೆನ್ನಬಹುದು.